ಢವಳ್ಯಾ ಸಾಕು ಅನ್ನಲಿಲ್ಲ

"ಈ ಸಲದ ಪೋಳಾ ಹ್ಯಾಂಗ ಮಾಡ್ತೇನಿ ನೋಡು ಅಂಬೂ! ಠಾಣಾ ಕುಶನೂರದ ಮಂದಿ ಜಲ್ಮ ಇರೋ ತನಕ ನೆನಪ ಇಡಬೇಕು!"

ಗುರುನಾಥರು ಹೀಗೆ ಘೋಷಿಸಿದ್ದು ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗ, ಬೇವಿನ ಮರದ ಕಟ್ಟೆ ಹತ್ತಿ ನಿಂತು, ಕೈಯಲ್ಲಿ ಚಹಾದ ಬಶಿ ಹಿಡಿದುಕೊಂಡು. ಎದುರಿಗಿದ್ದ ಸಭಿಕರೆಂದರೆ ಹೆಂಡತಿ ಅಂಬೂಬಾಯಿ, ಒಂದು ದೇವಣಿ ತಳಿಯ ಆಕಳು, ಒಂದು ಹೋತ, ಒಂದು ನಾಯಿ, ಒಂಬತ್ತು ಕೋಳಿ, ಒಂದು ಟರ್ಕಿ ಹುಂಜ ಮತ್ತು ಲೆಕ್ಕಕ್ಕೆ ಸಿಗದಷ್ಟು ಮೊಲ. ಅವರ ಘೋಷಣೆ ಅಕ್ಷರಶಃ ನಿಜವಾಯಿತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮಂದಿ ಇನ್ನೂ ನೆನಪಿಟ್ಟಿದ್ದಾರೆ. ಮರೆಯಲು ಒದ್ದಾಡುತ್ತಿರುವವರು ಗುರುನಾಥರೊಬ್ಬರೇ.

ಬೀದರಿನ ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತ ಸರಿಸಿ, ಹೆಡ್ ಕ್ಲರ್ಕ್ ಎಂಬ ಪಟ್ಟದಿಂದ ನಿವೃತ್ತರಾದವರು ಅವರು. ಬೀಳ್ಕೊಡುಗೆಯ ಶಾಲು ಇನ್ನೂ ಮಡಿಕೆ ಬಿಚ್ಚುವ ಮೊದಲೇ ಠಾಣಾ ಕುಶನೂರದ ದಾರಿಯಲ್ಲಿ ಒಂದೂಕಾಲು ಎಕರೆ ಹಿಡಿದು, ಎರಡು ಖೋಲಿಯ ಮನೆ ಕಟ್ಟಿ, "ಇನ್ನ ಮ್ಯಾಲ ನಾನು ರೈತ" ಎಂದುಬಿಟ್ಟರು. ಆದರೆ ಕಚೇರಿ ಅವರನ್ನು ಬಿಡಬೇಕಲ್ಲ! ಬಂದ ಪ್ರಾಣಿಗಳಿಗೆಲ್ಲ ಹುದ್ದೆ ಕೊಟ್ಟರು. ಕಾಗದ ಕಂಡಲ್ಲಿ ಬಾಯಿ ಹಾಕುವ ಹೋತ, ಸಾಹೇಬರ ಮುಂದೆ ಕಡತ ಇಡುವ ಪೇಶಕಾರ ಆಯಿತು. ಕರೆದರೆ ಎದ್ದು ಬಾರದ ನಾಯಿ ಜವಾನ. ಕಾರಣವಿಲ್ಲದೆ ಎದೆಯುಬ್ಬಿಸಿ, ಮುಖ ಕೆಂಪು ಮಾಡಿಕೊಂಡು ತಿರುಗುವ ಟರ್ಕಿ ತಹಶೀಲ್ದಾರ. ಆಕಳಿಗೆ ಮಾತ್ರ ಅಂಬೂಬಾಯಿ ಅಡ್ಡ ನಿಂತು ಚಂದ್ರಿ ಎಂದು ಮರ್ಯಾದೆಯ ಹೆಸರಿಟ್ಟರು. ಮೊಲಗಳಿಗೂ ಹೆಸರಿಡಲು ಗುರುನಾಥರು ಹೋಗಿದ್ದರು. ಹೆಸರು ಹುಡುಕುವುದಕ್ಕಿಂತ ಬೇಗ ಮೊಲಗಳು ಹೆಚ್ಚಾದ್ದರಿಂದ ಆ ಕಡತ ಹಾಗೇ ಉಳಿಯಿತು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಇತ್ತು. ಮನೆಯಲ್ಲಿ ಎತ್ತಿರಲಿಲ್ಲ. ಪೋಳಾ ಎಂದರೆ ಎತ್ತಿನ ಹಬ್ಬ, ಎತ್ತಿಲ್ಲದೆ ಪೋಳಾ ಎಲ್ಲಿಂದ ಬಂತು?

ಈ ಕೊರತೆ ಗುರುನಾಥರಿಗಿಂತ ಅಂಬೂಬಾಯಿಗೆ ಹೆಚ್ಚು ತಾಗುತ್ತಿತ್ತು. ಅವರು ಕಮಲನಗರದ ಕಡೆಯ ಒಕ್ಕಲುತನದ ಮನೆಯ ಮಗಳು. ಮದುವೆಯಾಗಿ ಬೀದರಿನ ಬಾಡಿಗೆ ಮನೆಗೆ ಬಂದ ಮೇಲೆ ಮೂವತ್ತೊಂದು ಪೋಳಾ ಅಮಾವಾಸ್ಯೆಯನ್ನೂ ಗಾಂಧಿ ಗಂಜಿನ ಮೂಲೆಯಲ್ಲಿ ಮಾರುವ ಮಣ್ಣಿನ ಎತ್ತು ತಂದು, ಕಿಟಕಿಯಲ್ಲಿಟ್ಟು ಪೂಜೆ ಮಾಡಿದ್ದರು. "ಈ ಸಲ ಖರೇ ಎತ್ತು ನನ್ನ ಬಾಗಿಲಿಗಿ ಬರ್ತಾವ. ಆರತಿ ಮಾಡಿ, ಕೈಯಾರೆ ಹೋಳಿಗಿ ತಿನಸ್ತೇನಿ. ನನಗ ಇನ್ನೇನೂ ಬ್ಯಾಡ" ಎಂದು ತಿಂಗಳ ಮೊದಲೇ ಹೇಳಿಟ್ಟಿದ್ದರು.

ಆ ಖರೇ ಎತ್ತುಗಳು ಪಕ್ಕದ ಹೊಲದ ಹಾವಗೆಪ್ಪನವು, ಸರ್ಜ್ಯಾ ಮತ್ತು ಢವಳ್ಯಾ. ಸುತ್ತಿನವರೆಲ್ಲ ಎತ್ತು ಮಾರಿ ಟ್ರ್ಯಾಕ್ಟರ್ ಕರೆಸುವ ಕಾಲದಲ್ಲಿ ಆ ಓಣಿಗೆ ಉಳಿದಿದ್ದು ಅದೊಂದೇ ಜೋಡಿ. ಹೀಗಾಗಿ ಪೋಳಾ ಬಂದರೆ ಹದಿನೆಂಟು ಮನೆಯ ಪೂಜೆಯೂ ಆ ಎರಡೇ ಎತ್ತುಗಳ ಮೇಲೆ ಬೀಳುತ್ತಿತ್ತು. ಹಾವಗೆಪ್ಪ ಅವನ್ನು ಮನೆಮನೆಗೆ ಹೊಡೆದುಕೊಂಡು ಹೋಗುತ್ತಿದ್ದ, ಬ್ಯಾಡ ಎಂದು ಯಾರಿಗೂ ಹೇಳಿದವನಲ್ಲ.

ಹಬ್ಬದ ಹಿಂದಿನ ದಿನ ಆವತಣ ಕೊಡುವ ಪದ್ಧತಿ. ಆವತಣ ಎಂದರೆ ಊಟದ ಕರೆ. ವರ್ಷವಿಡೀ ನೊಗ ಹೊತ್ತ ಎತ್ತಿನ ಹೆಗಲಿಗೆ ಬೆಚ್ಚಗಿನ ತುಪ್ಪದಲ್ಲಿ ಅರಿಶಿನ ಕಲಸಿ ತಿಕ್ಕಿ, ಅದರ ಕಿವಿಯ ಹತ್ತಿರ ಬಾಗಿ, "ಇವತ್ತ ಆವತಣ ತಗೋ, ನಾಳಿ ಉಣ್ಲಾಕ ಬಾ" ಎನ್ನಬೇಕು. ಇಷ್ಟೇ.

ಇಷ್ಟೇ ಆದರೆ ಗುರುನಾಥರು ಗುರುನಾಥರು ಹೇಗಾದಾರು? ಅಂಬೂಬಾಯಿ ತುಪ್ಪ ಕಾಯಿಸುತ್ತಿದ್ದಂತೆಯೇ ಅವರು ಬಟ್ಟಲು ಕೈಗೆತ್ತಿಕೊಂಡರು.

"ಎಲ್ಲಿಗಿ ಹೊಂಟ್ರಿ ತುಪ್ಪ ತಗೊಂಡು?"

"ಬರೇ ಎತ್ತಿಗೇ ಯಾಕ ಆವತಣ? ನಮ್ಮ ಸಿಬ್ಬಂದಿ ಏನ್ ಪಾಪ ಮಾಡ್ಯಾದ? ಎಲ್ಲರಿಗೂ ಕೊಡ್ತೇನಿ!"

"ಕೋಳಿಗಿ ಹೆಗಲ ಎಲ್ಲದ ರೀ?"

"ಹುಡುಕಿದ್ರ ಸಿಗ್ತದ!"

ಹುಡುಕಿದರು. ಕೋಳಿಗೆ ಹೆಗಲು ಸಿಗಲಿಲ್ಲ, ಗುರುನಾಥರ ಮುಂಗೈಗೆ ಎಂಟು ಗೀರು ಸಿಕ್ಕವು. ತಹಶೀಲ್ದಾರ ಆವತಣವನ್ನು ತಿರಸ್ಕರಿಸಿ ಅವರ ಧೋತರದ ಚುಂಗು ಹಿಡಿದು ಎಳೆಯಿತು. ಪೇಶಕಾರನ ಹೆಗಲಿಗೆ ತಿಕ್ಕಿದ ತುಪ್ಪವನ್ನು ಜವಾನ ನೆಕ್ಕಿತು. ಸೇವೆಗೆ ಸೇರಿದ ಮೇಲೆ ಜವಾನ ಮನಸಿಟ್ಟು ಮಾಡಿದ ಮೊದಲ ಕೆಲಸ ಅದು. ಬಟ್ಟಲಿನ ತಳದಲ್ಲಿ ಎರಡು ಬೆರಳಿನಷ್ಟು ತುಪ್ಪ ಉಳಿದಾಗ ಅಂಬೂಬಾಯಿ ಅದನ್ನು ಕಸಿದುಕೊಂಡು ಹಾವಗೆಪ್ಪನ ಅಂಗಳಕ್ಕೆ ನಡೆದರು. ಗುರುನಾಥರು ಅರಿಶಿನದ ಕೈ ಒರೆಸಿಕೊಳ್ಳುತ್ತ ಹಿಂದೆ ಹೋದರು.

ಅಲ್ಲಿ ಅಂಬೂಬಾಯಿ ಎರಡೂ ಎತ್ತುಗಳ ಹೆಗಲು ತಿಕ್ಕಿದರು, ತಿಕ್ಕುತ್ತ ತಿಕ್ಕುತ್ತ ಕಣ್ಣು ಒದ್ದೆ ಮಾಡಿಕೊಂಡರು. ಕರೆಯುವ ಸರದಿ ಯಜಮಾನರದು. ಗುರುನಾಥರು ಢವಳ್ಯಾನ ಕಿವಿಯ ಹತ್ತಿರ ಹೋಗಿ, ವಾರ್ಷಿಕ ಸಭೆಯ ಧ್ವನಿಯಲ್ಲಿ, "ಶ್ರೀಮಾನ್ ಢವಳ್ಯಾ ಅವರೇ, ಇವತ್ತ ಆವತಣ ತಗೋರಿ, ನಾಳಿ ಸಹಕುಟುಂಬ ಉಣ್ಲಾಕ ಬರ್ರಿ! ಹೊಟ್ಟಿ ತುಂಬ ಊಟ, ಇದು ಗುರುನಾಥನ ಮಾತು!" ಎಂದರು. ಢವಳ್ಯಾ ಕಿವಿ ಬಡಿಯಿತು. ನೆರೆದವರು ನಕ್ಕರು. ಹಾವಗೆಪ್ಪನೂ ನಕ್ಕ, ಆದರೆ ಒಂದು ಮಾತು ಸೇರಿಸಿದ.

"ಸಾಹೇಬ್ರ, ಹದಿನೆಂಟ ಮನಿ ಅವ. ಒಂದ ಮನಿಗಿ ಒಂದೇ ಹೋಳಿಗಿ. ಅರ್ಧ ಸರ್ಜ್ಯಾಗ, ಅರ್ಧ ಢವಳ್ಯಾಗ. ಅದರಕಿಂತ ಜಾಸ್ತಿ ಯಾರಿಗೂ ಹಾಕಗೊಡಲ್ಲ. ಎತ್ತಿನ ಹೊಟ್ಟಿಗಿ ಅದು ಆಗಿ ಬರಲ್ಲರಿ."

ಗುರುನಾಥರು ತಲೆಯಾಡಿಸಿದರು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗಿದರು. "ಅರ್ಧ ಹೋಳಿಗಿ! ಊಟಕ್ಕ ಕರದು ಅರ್ಧ ಹೋಳಿಗಿ ಹಾಕೋದು ಯಾವ ಮನೆತನದ ರೀತಿ? ನಮ್ಮ ಮನ್ಯಾಗ ಬೀಗರ ಸಾಕು ಅಂತ ಎಲಿ ಮ್ಯಾಲ ಅಡ್ಡ ಬಿದ್ರೂ ಬೆನ್ನ ಮ್ಯಾಲ ಹಾದು ಇನ್ನ ಎರಡ ಹಾಕ್ತಿದ್ರು ನಮ್ಮಪ್ಪ!"

"ಬೀಗರು ಬ್ಯಾರೆ, ಎತ್ತು ಬ್ಯಾರೆ" ಎಂದರು ಅಂಬೂಬಾಯಿ.

"ಆವತಣ ಕೊಟ್ಟ ಮ್ಯಾಲ ಇಬ್ರೂ ಒಂದೇ!"

ಹಬ್ಬದ ದಿನ ಬಂತು. ಔರಾದದಲ್ಲಿ ಬೋರ್ಡ್ ಬರೆಯುವ ಕರೀಮ ಸಾಬ ಪ್ರತಿ ವರ್ಷದಂತೆ ಬೆಳಿಗ್ಗೆಯೇ ಬಂದು ಎತ್ತುಗಳ ಕೋಡಿಗೆ ಬಣ್ಣ ಹಚ್ಚಿದ್ದ, ಒಂದು ಕೋಡಿಗೆ ಕೆಂಪು, ಒಂದಕ್ಕೆ ಹಸಿರು, ತುದಿಗೆ ಬೆಳ್ಳಿ. ಬೆನ್ನ ಮೇಲೆ ಕನ್ನಡಿ ಹೊಲಿದ ಬಟ್ಟೆ, ಕೊರಳಲ್ಲಿ ಗೆಜ್ಜೆ. ಹದಿನೇಳು ಮನೆ ಮುಗಿಸಿ, ಊರ ಹೊರಗಿನ ಗುರುನಾಥರ ಮನೆಗೆ ಎತ್ತುಗಳು ಬಂದಾಗ ನಡು ಮಧ್ಯಾಹ್ನ. ಅಂಬೂಬಾಯಿ ಇಳಕಲ್ ಸೀರೆಯುಟ್ಟು ಕಾಲು ತೊಳೆದರು, ಆರತಿ ಮಾಡಿದರು. ಒಂದು ಹೋಳಿಗೆ ಮುರಿದು, ಅರ್ಧ ಸರ್ಜ್ಯಾನ ಬಾಯಿಗೆ, ಅರ್ಧ ಢವಳ್ಯಾನ ಬಾಯಿಗೆ ಇಟ್ಟರು. ಮೂವತ್ತೊಂದು ವರ್ಷದ ಆಸೆ ತೀರಿತು ಎನ್ನುವಂತೆ ನಿಟ್ಟುಸಿರುಬಿಟ್ಟರು. ಹಬ್ಬ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಹಾವಗೆಪ್ಪ ಬೆಳಗಿನಿಂದ ಉಪವಾಸ. "ಸಾಹೇಬ್ರ, ಎತ್ತ ನಿಮ್ಮ ಬೇವಿನ ನೆರಳಾಗ ನಿಂತಿರ್ಲಿ. ಎರಡ ತುತ್ತ ಉಂಡ ಬರ್ತೇನಿ" ಎಂದು ಮನೆಗೆ ಹೋದ. ಅಂಬೂಬಾಯಿ ಕಾಯಿ ಹಿಡಿದು ಮಾರುತಿ ಗುಡಿಗೆ ಹೊರಟರು. ಹೊರಡುವಾಗ ಪಡಸಾಲೆಯಲ್ಲಿ ಮುಚ್ಚಿಟ್ಟ ಬುಟ್ಟಿ ತೋರಿಸಿದರು. ಮಾಡಿದ್ದು ಐವತ್ತೊಂದು, ಎತ್ತಿಗೆ ಒಂದು ಹೋಗಿ ಐವತ್ತು ಹೋಳಿಗೆ ಉಳಿದಿದ್ದವು. ಸಂಜೆಗೆ ಭಾಲ್ಕಿಯಿಂದ ಅವರ ತಂಗಿ ಈಶ್ವರಿ ಸಂಸಾರ ಸಮೇತ ಬರುವವಳಿದ್ದಳು.

"ಬುಟ್ಟಿ ನೋಡ್ಕೋರಿ. ಪೇಶಕಾರ ಬಾಯಿ ಹಾಕ್ಯಾನು!"

"ನಾನು ಇರೋವಾಗ? ಹೋಗು ಹೋಗು!"

ಈಗ ಬೇವಿನ ನೆರಳಿನಲ್ಲಿ ಮೂವರೇ: ಎರಡು ಎತ್ತು, ಒಬ್ಬ ಗುರುನಾಥರು. ಢವಳ್ಯಾ ಅವರನ್ನು ನೋಡಿತು. ಗುರುನಾಥರು ಢವಳ್ಯಾನನ್ನು ನೋಡಿದರು. ಮನೆಗೆ ಬಂದ ಅತಿಥಿ ಅರ್ಧ ಹೋಳಿಗೆ ತಿಂದು ಹಸಿದು ನಿಂತಿದೆ! ಅಪ್ಪನ ಆತ್ಮ ಮೇಲಿಂದ ನೋಡುತ್ತಿದ್ದರೆ ಏನೆಂದೀತು? ಗುರುನಾಥರು ಪಡಸಾಲೆಗೆ ಹೋಗಿ ಎರಡೇ ಎರಡು ಹೋಳಿಗೆ ತಂದರು. ಸರ್ಜ್ಯಾ ಒಂದು ತಿಂದಿತು. ಢವಳ್ಯಾ ಒಂದು ತಿಂದಿತು. ಮತ್ತೆರಡು ತಂದರೆ ಸರ್ಜ್ಯಾ ಮುಖ ತಿರುಗಿಸಿ ಮಲಗಿಬಿಟ್ಟಿತು.

"ಸಾಕಾಯ್ತಾ? ಶಾಣ್ಯಾ!" ಎಂದರು ಗುರುನಾಥರು. ಅವರಿಗೆ ಬಹಳ ಸಂತೋಷವಾಯಿತು. ನೋಡಿ, ಎತ್ತಿಗೂ ಸಾಕು ಅನ್ನುವುದು ಗೊತ್ತು! ಸಾಕಾದರೆ ಮುಖ ತಿರುಗಿಸುತ್ತದೆ. ಹಾವಗೆಪ್ಪ ಸುಮ್ಮನೆ ಹೆದರುತ್ತಾನೆ. ಢವಳ್ಯಾ ಇನ್ನೂ ಮುಖ ತಿರುಗಿಸಿಲ್ಲ, ಅಂದರೆ ಇನ್ನೂ ಹಸಿದಿದೆ! ಸಿದ್ಧಾಂತ ಸ್ಪಷ್ಟವಾಯಿತು. ಗುರುನಾಥರು ಓಡಾಟ ಉಳಿಸಲು ಬುಟ್ಟಿಯನ್ನೇ ಹೊತ್ತು ತಂದರು.

"ಇದೊಂದ ತಗೋರಿ… ಇನ್ನೊಂದ… ನಮ್ಮ ಮನಿ ಮರ್ಯಾದಿಗಿ ಒಂದ… ಅಂಬೂನ ಹೆಸರೀಲೆ ಒಂದ… ಸಂಕೋಚ ಮಾಡಬ್ಯಾಡ್ರಿ…" ಢವಳ್ಯಾ ಸಂಕೋಚ ಮಾಡಲಿಲ್ಲ. ಎಲೆಯ ಮೇಲೆ ಅಡ್ಡ ಬೀಳಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಇಷ್ಟು ಒಳ್ಳೆಯ ಅತಿಥಿಯನ್ನು ಗುರುನಾಥರು ಜನ್ಮದಲ್ಲಿ ಕಂಡಿರಲಿಲ್ಲ. ಆನಂದದಿಂದ ಮೈಮರೆತು, ಮತ್ತೊಂದಕ್ಕೆ ಬುಟ್ಟಿಗೆ ಕೈ ಹಾಕಿದರೆ ಬೆರಳಿಗೆ ಬುಟ್ಟಿಯ ತಳ ತಾಗಿತು. ಉಳಿದವನ್ನು ಎಣಿಸಿದರು. ಒಂಬತ್ತು.

ಸಂಭ್ರಮವೆಲ್ಲ ಕಾಲ ಕೆಳಗಿನಿಂದ ಇಳಿದು ಹೋಯಿತು. ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು, ಮುಚ್ಚಿ, ದಿನಪತ್ರಿಕೆ ಬಿಚ್ಚಿಕೊಂಡು ಕೂತರು. ಹಾವಗೆಪ್ಪ ಬಂದು, "ಥ್ಯಾಂಕ್ಸ್ ರೀ ಸಾಹೇಬ್ರ" ಎಂದು ಎತ್ತು ಹೊಡೆದುಕೊಂಡು ಹೋದ. ಗುರುನಾಥರು ಪತ್ರಿಕೆಯ ಹಿಂದಿನಿಂದಲೇ "ಹ್ಞೂಂ" ಎಂದರು.

ಅಂಬೂಬಾಯಿ ಬಂದವರೇ ಬುಟ್ಟಿ ತೆರೆದರು.

"ರೀ! ಹೋಳಿಗಿ ಎಲ್ಲಿ?"

ಗುರುನಾಥರು ತಲೆಯೆತ್ತಿದರು. ಅಂಗಳದಲ್ಲಿ ಪೇಶಕಾರ, ಹೆಗಲ ಮೇಲೆ ನಿನ್ನೆಯ ಅರಿಶಿನ ಹೊತ್ತು, ಯಾವ ಪಾಪವೂ ಅರಿಯದೆ ನಿಂತಿತ್ತು. ಕಚೇರಿಯಲ್ಲಿ ಕಡತ ಕಳೆದಾಗ ಏನು ಮಾಡಬೇಕೆಂಬ ಮೂವತ್ತೊಂದು ವರ್ಷದ ಅನುಭವ ಒಮ್ಮೆಲೇ ನಾಲಿಗೆಗೆ ಬಂತು. ಗುರುನಾಥರು ದೀರ್ಘವಾಗಿ ಉಸಿರು ಬಿಟ್ಟು, "ಪೇಶಕಾರ…" ಎಂದಷ್ಟೇ ಹೇಳಿ ತಲೆಯಾಡಿಸಿದರು.

ಅವರು ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು! ವಾಕ್ಯವನ್ನು ಪೂರ್ತಿ ಮಾಡಿದವರು ಅಂಬೂಬಾಯಿ.

"ಪೇಶಕಾರ ತಿಂದನಾ? ನಲವತ್ತೊಂದೂ? ಅಯ್ಯೋ ನನ ಕರ್ಮ! ಹೊಟ್ಟಿ ಉಬ್ಬಿ ಸಾಯ್ತದ ಅದು!"

ಬೈಯುತ್ತಾರೆ, ಒಂದೆರಡು ಏಟು ಹಾಕುತ್ತಾರೆ, ಮುಗಿಯಿತು ಎಂದುಕೊಂಡಿದ್ದ ಗುರುನಾಥರ ಲೆಕ್ಕ ಇಲ್ಲಿ ತಪ್ಪಿತು. ಹೋಳಿಗೆ ಹೋದ ದುಃಖ ಅಂಬೂಬಾಯಿಗೆ ಒಂದು ನಿಮಿಷವೂ ಉಳಿಯಲಿಲ್ಲ. ಫೋನ್ ತೆಗೆದು ನೇರವಾಗಿ ಪಶು ಡಾಕ್ಟರ್ ವೃಂದಾಳಿಗೆ ಹಚ್ಚಿದರು.

"ಹಬ್ಬದ ದಿನ ಆಕಿಗಿ ಯಾಕ ತ್ರಾಸ ಕೊಡ್ತಿ? ಆಡಿನ ಹೊಟ್ಟಿ, ಕಲ್ಲೂ ಕರಗ್ತದ" ಎಂದು ಗುರುನಾಥರು ಬೇಡಿಕೊಂಡರು.

"ಜೀವ ಹೋಗೋವಾಗ ಹಬ್ಬ ಏನ್ ರೀ?"

ಮುಕ್ಕಾಲು ಗಂಟೆಯಲ್ಲಿ ಡಾಕ್ಟರ್ ವೃಂದಾ ಜರಿಸೀರೆಯಲ್ಲೇ ಸ್ಕೂಟಿ ಹತ್ತಿ ಬಂದಳು. ಮುಡಿದ ಮಲ್ಲಿಗೆಯೂ ಹಾಗೇ ಇತ್ತು. ಸೆರಗು ಸಿಕ್ಕಿಸಿ ಪೇಶಕಾರನ ಹೊಟ್ಟೆ ಒತ್ತಿದಳು, ಬಡಿದಳು, ಕಿವಿಗೊಟ್ಟಳು. ಹುಬ್ಬು ಗಂಟಾಯಿತು.

"ಅಂಬೂಬಾಯಿ, ಇದರ ಹೊಟ್ಟಿ ಖಾಲಿ ಅದರಿ. ಇದು ಹಸಿದದ."

"ನಲವತ್ತೊಂದ ಹೋಳಿಗಿ ತಿಂದದ್ರಿ ಡಾಕ್ಟರ! ಇವ್ರೇ ನೋಡ್ಯಾರ!"

ಡಾಕ್ಟರ್ ಗುರುನಾಥರ ಕಡೆ ತಿರುಗಿದಳು. ಗುರುನಾಥರು ಆಕಾಶದಲ್ಲಿ ಮೋಡ ಪರೀಕ್ಷಿಸುತ್ತಿದ್ದರು. "ಹ್ಞಾಂ… ಒಳಗಿಂದೊಳಗ ಇರಬಹುದು" ಎಂದರು.

"ಯಾತಕ್ಕೂ ಇರ್ಲಿ, ಔಷಧ ಹಾಕಿಬಿಡ್ರಿ" ಎಂದು ಅಂಬೂಬಾಯಿ ಹಟ ಹಿಡಿದರು. ಎಣ್ಣೆಯಲ್ಲಿ ಕಲಸಿದ ಕಹಿ ಔಷಧ ತಯಾರಾಯಿತು. ಹಿಡಿಯುವ ಕೆಲಸ ಯಜಮಾನರಿಗೆ ಬಂತು. ಒಂದು ತುಣುಕು ಹೋಳಿಗೆಯನ್ನೂ ಕಾಣದ ಪೇಶಕಾರ, ತನ್ನ ದವಡೆ ಹಿಡಿದವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿತು. ಆ ಹಳದಿ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಕಳ್ಳನನ್ನು ಕಂಡ ಗುರುತು! ಗುರುನಾಥರು ಕಣ್ಣು ಮುಚ್ಚಿಕೊಂಡರು. ಅರ್ಧ ಔಷಧ ಪೇಶಕಾರನ ಗಂಟಲಿಗಿಳಿಯಿತು, ಉಳಿದರ್ಧವನ್ನು ಅದು ಗುರುನಾಥರ ಮುಖಕ್ಕೆ ಉಗುಳಿತು. ಇಷ್ಟಕ್ಕೇ ಶಿಕ್ಷೆ ಮುಗಿಯಲಿ ದೇವರೇ ಎಂದು ಅವರು ಒರೆಸಿಕೊಳ್ಳುತ್ತಿರುವಾಗ ಬದುವಿನ ಮೇಲೆ ಹಾವಗೆಪ್ಪ ಓಡಿ ಬರುವುದು ಕಾಣಿಸಿತು. ಕಾಲಲ್ಲಿ ಕೆರವಿರಲಿಲ್ಲ.

"ಡಾಕ್ಟರ! ನಿಮ್ಮ ಗಾಡಿ ಕಂಡ ಓಡಿ ಬಂದೀನಿ! ನನ್ನ ಢವಳ್ಯಾ ಬಿದ್ದದ್ರಿ! ಹೊಟ್ಟಿ ಡೋಲ ಆಗ್ಯಾದ, ಉಸಿರು ಹತ್ತವಲ್ದು!"

ಎಲ್ಲರೂ ಓಡಿದರು. ಗುರುನಾಥರೂ ಓಡಿದರು, ಎಲ್ಲರಿಗಿಂತ ಹಿಂದೆ.

ಢವಳ್ಯಾ ಅಂಗಳದಲ್ಲಿ ಮಲಗಿತ್ತು. ಎಡ ಪಕ್ಕೆ ಬೆನ್ನಿನ ಮಟ್ಟಕ್ಕೆ ಉಬ್ಬಿತ್ತು. ಕೆಂಪು ಹಸಿರು ಕೋಡು ಮಣ್ಣಿಗೆ ತಾಗಿದ್ದವು, ನಾಲಿಗೆ ಹೊರಗಿತ್ತು. ಕೊರಳ ಗೆಜ್ಜೆಯನ್ನು ಯಾರೋ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಆ ಗೆಜ್ಜೆ ನೋಡಿದ ಕೂಡಲೇ ಗುರುನಾಥರು ಅಂಬೂಬಾಯಿಯ ಹಿಂದಕ್ಕೆ ಸರಿದರು. ಸುತ್ತ ಹದಿನೆಂಟು ಮನೆಯವರೂ ಸೇರಿದ್ದರು.

"ಏನ್ ತಿನಿಸೀರಿ?" ಡಾಕ್ಟರ್ ಕೇಳಿದಳು.

"ಹದಿನೆಂಟ ಮನಿ, ಅರ್ಧರ್ಧ ಹೋಳಿಗಿ. ಒಂಬತ್ತ ಆದವು. ವರ್ಷಾ ಇಷ್ಟೇ ತಿಂತದ್ರಿ, ಎಂದೂ ಹಿಂಗ ಆಗಿಲ್ಲ" ಎಂದ ಹಾವಗೆಪ್ಪ.

"ಒಂಬತ್ತಕ್ಕ ಹಿಂಗ ಉಬ್ಬಲ್ಲ. ಬ್ಯಾರೆ ಏನರ ಹೊಟ್ಟಿಗಿ ಹೋಗ್ಯಾದ."

ಆಗ ಗುಂಪಿನೊಳಗಿಂದ ಕರೀಮ ಸಾಬ ಮುಂದೆ ಬಂದ. ಬೆರಳ ಸಂದಿಯಲ್ಲಿ ಇನ್ನೂ ಬೆಳ್ಳಿ ಬಣ್ಣ ಹತ್ತಿತ್ತು.

"ಡಾಕ್ಟರ್ ಸಾಬ, ನನ್ನ ರಂಗೇನೋ… ಈ ಸಲ ಹೊಸಾ ಡಬ್ಬಿ ತಂದಿದ್ನಿ. ಸರ್ಜ್ಯಾನ ಕೋಡು ಢವಳ್ಯಾ ನೆಕ್ಕಿತೋ ಏನೋ… ಯಾ ಅಲ್ಲಾ, ಇಪ್ಪತ್ತ ವರ್ಷ ಹಚ್ಚೀನಿ, ಹಿಂಗ ಎಂದೂ…" ಅವನು ಮಾತು ಮುಗಿಸಲಾರದೆ ಢವಳ್ಯಾನ ಕೊರಳ ಹತ್ತಿರ ಕುಸಿದು ಕೂತು, ಅದರ ಗಂಗೆದೊಗಲು ಸವರತೊಡಗಿದ. "ನಂದೇ ತಪ್ಪಪ್ಪಾ, ಮಾಫ್ ಮಾಡು" ಎಂದು ಎತ್ತಿಗೇ ಹೇಳಿದ.

ಡಾಕ್ಟರ್ ಚೀಲದಿಂದ ಎರಡು ಬಾಟಲಿ ತೆಗೆದಳು. "ನೋಡ್ರಿ, ಬಣ್ಣದ ವಿಷ ಆದ್ರ ಒಂದ ಇಲಾಜು, ತಿಂದದ್ದ ಹೆಚ್ಚಾದ್ರ ಇನ್ನೊಂದು. ಅದಲು ಬದಲು ಆದ್ರ ಎತ್ತ ಉಳಿಯಲ್ಲ. ನನ್ನ ಹಂತ್ಯಾಕ ವ್ಯಾಳ್ಯಾ ಇಲ್ಲ. ಯಾರಿಗರ ಏನರ ಗೊತ್ತಿದ್ರ ಈಗ ಹೇಳ್ರಿ!"

ಅವಳ ಕೈ ಮೊದಲನೆಯ ಬಾಟಲಿಗೆ ಹೋಯಿತು.

ಗುರುನಾಥರು ಅಂಬೂಬಾಯಿಯ ಹಿಂದೆ ನಿಂತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದು ಅವರಿಗೆ ಚೆನ್ನಾಗಿ ತಿಳಿದಿತ್ತು, ಹಾಗೆ ತಿಳಿದದ್ದಕ್ಕೇ ಅವರಿಗೆ ತಮ್ಮ ಮೇಲೆ ವಾಕರಿಕೆ ಬಂತು. ಇಪ್ಪತ್ತು ವರ್ಷ ಬಿಟ್ಟಿ ಬಣ್ಣ ಹಚ್ಚಿದವನು ಮಾಡದ ತಪ್ಪಿಗೆ ಅಳುತ್ತಿದ್ದಾನೆ. ಮಾಡಿದವನು ಹೆಂಡತಿಯ ಸೆರಗಿನ ಮರೆಯಲ್ಲಿ ನಿಂತಿದ್ದಾನೆ!

"ಡಾಕ್ಟರ್," ಎಂದರು. ಗಂಟಲಿನಿಂದ ಕಚೇರಿಯ ಭಾಷೆಯೇ ಹೊರಬಂತು. "ಸದರಿ ವಿಷಯದ ಬಗ್ಗೆ ನಾನು ತಮ್ಮ ಗಮನಕ್ಕೆ ತರಬಯಸುವುದೇನೆಂದರೆ…"

"ಲಗೂ ಹೇಳ್ರಿ ಕಾಕಾ!"

"ಬಣ್ಣ ಅಲ್ಲರಿ. ಹೋಳಿಗಿ."

"ಎಷ್ಟು?"

"ನಲವತ್ತು."

ಡಾಕ್ಟರ್ ಮೊದಲನೆಯ ಬಾಟಲಿ ಎಸೆದು, ಎರಡನೆಯದರ ಮುಚ್ಚಳ ತಿರುಗಿಸುತ್ತಲೇ, "ಅಡಗಿ ಸೋಡಾ ತರ್ರಿ, ಬಿಸಿನೀರ ತರ್ರಿ!" ಎಂದು ಕೂಗಿದಳು. ಹಾವಗೆಪ್ಪ ಮಾತ್ರ ಅಲ್ಲಾಡದೆ ನಿಂತಿದ್ದ.

"ನಲವತ್ತ ಹೋಳಿಗಿ ಯಾರ ಹಾಕ್ಯಾರ?"

"ನಾನೇ."

"ಯಾಕ ಸಾಹೇಬ್ರ?"

ಗುರುನಾಥರ ಹತ್ತಿರ ಒಂದೇ ಒಂದು ಉತ್ತರ ಇತ್ತು.

"ಢವಳ್ಯಾ ಸಾಕು ಅನ್ನಲಿಲ್ಲ."

ಇದೇ ಹೊತ್ತಿಗೆ, ಖಾಲಿ ಮನೆ ನೋಡಿ ಜನ ಸೇರಿದಲ್ಲಿಗೆ ಬಂದ ಆಟೋದಿಂದ ಅಂಬೂಬಾಯಿಯ ತಂಗಿ ಈಶ್ವರಿ ಇಳಿದಳು. ಕೊನೆಯ ನಾಲ್ಕು ಮಾತು ಅವಳ ಕಿವಿಗೆ ಬಿದ್ದಿದ್ದವು.

"ಹೋದ ಸಲ ನಾ ಬಂದಾಗ ಎರಡ ಹಾಕಿ, ಮೂರನೇದಕ್ಕ ಸಕ್ಕರಿ ಬ್ಯಾನಿ ಬರ್ತದ ಅಂದಿದ್ರಲ್ಲ ಭಾವಾರ!" ಎಂದಳು.

ಗುಂಪಿನಲ್ಲಿ ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು ಬಾಯಿಗೆ ಟವೆಲ್ಲು ಒತ್ತಿಕೊಂಡರು. ಎತ್ತು ಸಾಯಲು ಬಿದ್ದಿರುವಾಗ ನಗುವ ಹಾಗಿಲ್ಲ, ನಗದೆ ಇರುವ ಹಾಗೂ ಇಲ್ಲ. ಅಂಬೂಬಾಯಿ ನಗಲಿಲ್ಲ. ಗಂಡನ ಮುಖವನ್ನು ಒಮ್ಮೆ ನೋಡಿ, ತಿರುಗಿ, ಬಿಸಿನೀರು ತರಲು ಒಳಗೆ ಹೋದರು. ಗುರುನಾಥರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಡಾಕ್ಟರ್ ವೃಂದಾ ಜರಿಸೀರೆಯನ್ನು ಸೆಗಣಿಯಲ್ಲಿ ಅದ್ದಿಕೊಂಡು ಢವಳ್ಯಾನ ಗಂಟಲಿಗೆ ಕೊಳವೆ ಇಳಿಸಿದಳು, ಸೋಡಾ ಕುಡಿಸಿದಳು, ಎಣ್ಣೆ ಕುಡಿಸಿದಳು. ಹೊಟ್ಟೆ ತಿಕ್ಕುವ ಕೆಲಸಕ್ಕೆ ಗುರುನಾಥರನ್ನು ಯಾರೂ ಕರೆಯಲಿಲ್ಲ, ಅವರೇ ಮಣ್ಣಿನಲ್ಲಿ ಕೂತರು. ಎದುರಿಗೆ ಕರೀಮ ಸಾಬ ಕೂತಿದ್ದ. ಇಬ್ಬರೂ ಒಂದು ತಾಸು ಒಂದೇ ಹೊಟ್ಟೆ ತಿಕ್ಕಿದರು. ಗುರುನಾಥರಿಗೆ ತಲೆಯೆತ್ತಿ ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ಹೊತ್ತು ಮುಳುಗುವ ಮೊದಲು ಢವಳ್ಯಾ ತೇಗಿತು. ಎಂಥ ತೇಗು! ಬೇಲಿಯಾಚೆ ತಹಶೀಲ್ದಾರ ಗಾಬರಿಯಾಗಿ ಕೂಗಿಕೊಂಡಿತು. ಅಪ್ಪನ ಕಾಲದಿಂದ ಎಷ್ಟೋ ಬೀಗರು ಉಂಡು ತೇಗಿದ್ದನ್ನು ಗುರುನಾಥರು ಕೇಳಿದ್ದರು, ಆದರೆ ಯಾವ ತೇಗಿಗೂ ಅವರು ಹೀಗೆ ಬಿಕ್ಕಿ ಬಿಕ್ಕಿ ಅತ್ತಿರಲಿಲ್ಲ.

ಢವಳ್ಯಾ ಎದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗುರುನಾಥರು ಹಾವಗೆಪ್ಪನ ಎದುರು ಕೈ ಜೋಡಿಸಿ ನಿಂತರು. ಬೈದರೆ ಎಷ್ಟು ಹಗುರಾಗುತ್ತಿತ್ತು! ಹಾವಗೆಪ್ಪ ಬೈಯಲಿಲ್ಲ.

"ಸಾಹೇಬ್ರ, ಎತ್ತು ಸಾಕು ಅನ್ನಲ್ಲರಿ. ಅದರ ಪರವಾಗಿ ನಾವೇ ಅನ್ಬೇಕು" ಎಂದಷ್ಟೇ ಹೇಳಿ, ಗೆಜ್ಜೆ ಎತ್ತಿಕೊಂಡು ಕೊಟ್ಟಿಗೆಗೆ ಹೋದ.

ಡಾಕ್ಟರ್ ಹತ್ತು ದಿನ ನೊಗ ಹೂಡಬಾರದು ಎಂದು ಹೇಳಿ ಹೋಗಿದ್ದಳು. ಹಾವಗೆಪ್ಪನ ತೊಗರಿಯಲ್ಲಿ ಹುಲ್ಲು ಮೊಣಕಾಲಿಗೆ ಬಂದಿತ್ತು, ಎಡೆ ಹೊಡೆದು ಕಳೆ ತೆಗೆಯುವುದು ನಿಂತಿತು. ಒಂದೇ ಎತ್ತಿಗೆ ನೊಗ ಹೂಡಲಾಗದು. ಮೂರನೆಯ ದಿನ ಬೆಳಿಗ್ಗೆ ಹಾವಗೆಪ್ಪ ಹೊಲಕ್ಕೆ ಬಂದಾಗ, ಒಂದೇ ಗಾಲಿಯ ಕೈ ಎಡೆಕುಂಟೆಗೆ ಹಗ್ಗ ಕಟ್ಟಿ, ಹಗ್ಗವನ್ನು ಹೆಗಲ ಮೇಲೆ ಹೊತ್ತು ಗುರುನಾಥರು ಸಾಲಿನ ತುದಿಯಲ್ಲಿ ನಿಂತಿದ್ದರು. ಬೀಳ್ಕೊಡುಗೆಯ ಶಾಲನ್ನು ಮಡಚಿ ಹಗ್ಗದ ಕೆಳಗೆ ಇಟ್ಟುಕೊಂಡಿದ್ದರು.

"ಏನ್ರಿ ಸಾಹೇಬ್ರ ಇದು!"

"ಢವಳ್ಯಾನ ಜಾಗಾಕ್ಕ ಬಂದೀನಿ. ನೀ ಹಿಂದ ಒತ್ತು, ನಾ ಮುಂದ ಎಳಿತೇನಿ."

ಹಾವಗೆಪ್ಪ ಬಹಳ ಹೊತ್ತು ಬ್ಯಾಡ ಬ್ಯಾಡ ಎಂದ. ಕೊನೆಗೆ ಹುಲ್ಲಿನ ಕಡೆ ನೋಡಿ ಹಿಡಿಕೆ ಹಿಡಿದ. ನಾಲ್ಕು ದಿನ ಎಳೆದರು. ದಾರಿಯ ಬಸ್ಸುಗಳು ಅಲ್ಲಿ ಬಂದಾಗ ಸಾವಕಾಶ ಹೋಗುತ್ತಿದ್ದವು. ಪೇಶಕಾರ ಬದುವಿನ ಮೇಲೆ ನಿಂತು, ಮೆಲುಕು ಹಾಕುತ್ತ, ಒಂದು ಸಾಲೂ ಬಿಡದೆ ನೋಡಿತು. ಎರಡನೆಯ ದಿನ ಸೈಕಲ್ ಮೇಲೆ ಹೋಗುತ್ತಿದ್ದ ಕರೀಮ ಸಾಬ ಇಳಿದು ಬಂದ. ಗುರುನಾಥರು ಹಗ್ಗ ಇಳಿಸಿ, "ಕರೀಮಭಾಯಿ, ಅವತ್ತ ನೀ ಅಳೋವಾಗ ನಾ ಬಾಯಿ ಮುಚ್ಚಿಕೊಂಡ ನಿಂತಿದ್ನಿ…" ಎಂದು ತೊದಲಿದರು. ಅವನು ಕೇಳಿಸಿಕೊಂಡ. ಇಳಿಸಿದ ಹಗ್ಗದ ಕಡೆ ನೋಡಿ, "ಡಬ್ಬ್ಯಾಗ ಜರಾ ರಂಗ ಉಳಿದದ್ರಿ ಸಾಹೇಬ್ರ" ಎಂದ. "ನಿಮಗ ಕೋಡ ಬಂದ ಕೂಡ್ಲೇ ಹೇಳಿ ಕಳಸ್ರಿ."

ನಾಲ್ಕನೆಯ ದಿನ ಸಂಜೆ ಗುರುನಾಥರು ಬೇವಿನ ಕಟ್ಟೆಯ ಮೇಲೆ, ಯಾವ ಕಟ್ಟೆ ಹತ್ತಿ ಘೋಷಣೆ ಮಾಡಿದ್ದರೋ ಅದೇ ಕಟ್ಟೆಯ ಮೇಲೆ, ಅಂಗಿ ಕಳಚಿ ಬಾಗಿ ಕೂತಿದ್ದರು. ಎರಡೂ ಹೆಗಲು ಹಗ್ಗ ಕೊರೆದು ಕೆಂಪಾಗಿದ್ದವು. ಹಬ್ಬದಿಂದೀಚೆಗೆ ಅಂಬೂಬಾಯಿ ಅವರೊಂದಿಗೆ ಹ್ಞಾಂ ಹ್ಞೂಂ ಬಿಟ್ಟು ಮಾತಾಡಿರಲಿಲ್ಲ. ಇವತ್ತು ಒಳಗಿನಿಂದ ಬಟ್ಟಲು ಹಿಡಿದು ಬಂದರು. ಬೆಚ್ಚಗಿನ ತುಪ್ಪ, ಅರಿಶಿನ. ಹಿಂದೆ ಕೂತು ಹೆಗಲು ತಿಕ್ಕತೊಡಗಿದರು. ತುಪ್ಪದ ವಾಸನೆಗೆ ಜವಾನ ಎದ್ದು ಬಂತು.

"ಅಂಬೂ, ನಿನ್ನ ಹಬ್ಬ ಕೆಡಿಸಿದ್ನಿ" ಎಂದರು ಗುರುನಾಥರು. ದನಿ ನೆಲಕ್ಕೆ ಹತ್ತಿತ್ತು.

ಅಂಬೂಬಾಯಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಗಂಡನ ಕಿವಿಯ ಹತ್ತಿರ ಬಾಗಿದರು.

"ಇವತ್ತ ಆವತಣ ತಗೋರಿ. ನಾಳಿ ಉಣ್ಲಾಕ ಬರ್ರಿ."

ಗುರುನಾಥರ ಕಣ್ಣು ತುಂಬಿತು. ಕ್ಷಮೆ ಸಿಕ್ಕಿತು! ಆರು ದಿನದ ಭಾರ ಇಳಿಯಿತು! ಮೂಗು ಒರೆಸಿಕೊಂಡು, ಸ್ವಲ್ಪ ಧೈರ್ಯ ತಂದುಕೊಂಡು ಕೇಳಿದರು:

"ನಾಳಿ ಏನ ಅಡಗಿ?"

"ಹೋಳಿಗಿ."

"ಎಷ್ಟು?"

"ಅರ್ಧ," ಎಂದರು ಅಂಬೂಬಾಯಿ. "ಇನ್ನರ್ಧ ಪೇಶಕಾರಂದು."